ಗುಗ್ಗುಳ ಗಿಡ ಹಚ್ಚಬೇಕು ಅಂತಿದ್ದೀನಿ, ಅನುಭವ ಇದ್ದವರು ಹೇಳಿ

ಆಳಂದದ ರೈತ:
ಎಲ್ಲರಿಗೂ ನಮಸ್ಕಾರ. ನಮ್ಮದು ಎರಡು ಎಕರೆ ಎರೆ (ಕಪ್ಪು ಮಣ್ಣಿನ) ಹೊಲ, ಅದರ ಪಕ್ಕಕ್ಕೇ ಅರ್ಧ ಎಕರೆ ಮರಡಿ (ಕಲ್ಲು ದಿನ್ನೆ). ತೊಗರಿಗೆ ನೆಟೆ ರೋಗ ಬಿದ್ದು ಸಾಕಾಗಿದೆ. ಧೂಪದ ಅಂಟು ಕೊಡೋ ಗುಗ್ಗುಳ ಗಿಡ ಅಳಿದುಹೋಗ್ತಾ ಇದೆ, ಬೆಳೆಸಿದರೆ ಸಬ್ಸಿಡಿ ಸಿಗುತ್ತೆ ಅಂತ ಕೇಳಿದೆ. ಎರೆಯಲ್ಲಿ ಬರುತ್ತಾ? ಸಸಿ ಎಲ್ಲಿ ತರಲಿ? ಆಡು ತಿನ್ನುತ್ತವಾ?

ಶಹಾಪುರದವನು:
ಸಸಿ ಎಲ್ಲಿ ತರಬೇಕು ಅನ್ನೋದು ಬಿಡಿ, ಎಲ್ಲಿ ತರಬಾರದು ಅಂತ ನಾನು ಹೇಳ್ತೀನಿ. ಹೊರ ರಾಜ್ಯದ ಒಂದು ನರ್ಸರಿಯವರು ಫೋನಿನಲ್ಲಿ "ಯಾವ ಮಣ್ಣಾದರೂ ನಡೀತದೆ" ಅಂದರು. ಸಸಿಗೆ 35 ರೂಪಾಯಿ. ಮೂರು ಮೀಟರ್ ಅಂತರಕ್ಕೆ ಎಕರೆಗೆ 450 ಸಸಿ, ಅಲ್ಲಿಗೆ 15,750. ಗಾಡಿ ಬಾಡಿಗೆ 11,000. ಅದರಲ್ಲಿ ಡೀಸೆಲ್ ಬೇರೆ ಅಂತ ದಾರಿಯಲ್ಲಿ ಜಗಳ ತೆಗೆದು ಮತ್ತೆ 1,800 ಕಿತ್ತುಕೊಂಡ. ಕುಣಿ ತೆಗೆಯೋಕೆ ಕುಣಿಗೆ 20, ಅದು 9,000. ಡ್ರಿಪ್ಪಿಗೆ 24,000. ಆ ನರ್ಸರಿಯವರೇ ಹಾಕಿಸಿ ಅಂದಿದ್ದು! ಮರಳುಗಾಡಿನ ಗಿಡಕ್ಕೆ ಡ್ರಿಪ್ ಯಾಕೆ ಅಂತ ಈಗ ಎಲ್ಲರೂ ನಗ್ತಾರೆ, ಆಗ ಒಬ್ಬನೂ ಬಾಯಿ ಬಿಡಲಿಲ್ಲ.

ಆಮೇಲೆ 2020ರ ಅಕ್ಟೋಬರ್ ಮಳೆ. ಭೀಮಾ ತುಂಬಿ ಊರೂರೇ ಮುಳುಗಿದವು, ನಿಮಗೂ ನೆನಪಿರುತ್ತೆ. ನನ್ನ ಹೊಲಕ್ಕೆ ಹೊಳೆ ನೀರು ಬರಲಿಲ್ಲ, ಆದರೆ ಎರೆಯಲ್ಲಿ ನಿಂತ ನೀರು ಇಳಿಯಲೇ ಇಲ್ಲ. ಗಿಡ ಮೇಲೆ ಹಸಿರಾಗೇ ಇರುತ್ತಿತ್ತು. ಬುಡ ಹಿಸುಕಿದರೆ ಮೆತ್ತಗೆ, ಸಿಪ್ಪೆ ಜಾರಿ ಕೈಗೆ ಬರುತ್ತಿತ್ತು. ಕೊಳೆತರೂ ಕೈಯಿಗೆ ಧೂಪದ ವಾಸನೆ. ಉಳಿದಿದ್ದು ಬದುವಿನ ಮೇಲಿನವು ಮಾತ್ರ.

ಬೀದರಿನ ಅಕ್ಕ:
ಎರೆಯಲ್ಲಿ ಹಚ್ಚಿದರೆ ಇನ್ನೇನಾಗುತ್ತೆ ಅಣ್ಣಾ? ನಮ್ಮ ಕಡೆ ಕೆಂಪು ಜಂಬಿಟ್ಟಿಗೆ ಮಣ್ಣು. ಸುರಿದ ಮಳೆ ಸಂಜೆಗೆ ಇರಲ್ಲ. ನಾನು ಒಂದು ಸಸಿಯನ್ನೂ ಕೊಳ್ಳಲಿಲ್ಲ. ಗುರುತಿನವರ ತೋಟದಿಂದ ಟೊಂಗೆ ತಂದೆ. ಹೆಬ್ಬೆರಳಿಗಿಂತ ಸ್ವಲ್ಪ ಸಣ್ಣ, ಒಂದು ಗೇಣಿನ ತುಂಡು. ಕಡಿದ ಕೂಡಲೇ ಮಣ್ಣಿಗೆ ಚುಚ್ಚಬಾರದು, ಕಡಿದ ಜಾಗ ನೆರಳಿನಲ್ಲಿ ಒಣಗಿ ಕಟ್ಟಿಕೊಳ್ಳಬೇಕು. ಚೀಲಕ್ಕೆ ಅರ್ಧಕ್ಕಿಂತ ಜಾಸ್ತಿ ಉಸುಕು. ಬೀಜದ ಆಸೆ ಬೇಡವೇ ಬೇಡ, ಮೊಳಕೆ ಬರೋದು ನೂರಕ್ಕೆ ಬೆರಳೆಣಿಕೆ.

ನನ್ನ ದೊಡ್ಡ ತಲೆನೋವು ಕೂಲಿಯವರು. ಈ ಗಿಡ ವರ್ಷದಲ್ಲಿ ಹೆಚ್ಚು ದಿನ ಎಲೆಯಿಲ್ಲದೆ ನಿಂತಿರುತ್ತೆ, ಮಳೆ ಬಿದ್ದ ಮೇಲೆ ಚಿಗುರುತ್ತೆ. ಬೇಸಿಗೆಯಲ್ಲಿ ನೋಡಿದರೆ ಒಣ ಮುಳ್ಳಿನ ಕಂಟಿ. ನಾನು ಹುಮನಾಬಾದಿಗೆ ಹೋಗಿ ಬರುವಷ್ಟರಲ್ಲಿ ಒಂದು ಸಾಲು ಪೂರ್ತಿ ಕಿತ್ತು ಒಲೆಗೆ ಹಾಕಿದ್ದರು! ಮೇಲಿನ ಕಾಗದದಂಥ ಸಿಪ್ಪೆ ಸುಲಿದು ಉಗುರಿನಿಂದ ಕೆರೆದರೆ ಒಳಗೆ ಹಚ್ಚ ಹಸಿರು. ಅದನ್ನು ತೋರಿಸಿದ ಮೇಲೆ "ಅವ್ವಾ, ಜೀವ ಅದ" ಅಂದರು. ಹೋದ ಸಾಲು ಹೋಯಿತು.

ಸೇಡಂ ಗುಗ್ಗುಳ:
ಅಕ್ಕಾ, ನೀವು ಗಿಡ ಸಾಕಿದ್ದೀರಿ, ಸರಿ. ಅಂಟು ತೆಗೆದಿದ್ದೀರಾ? ಈ ಅಣ್ಣ ಹೊಟ್ಟೆಪಾಡಿಗೆ ಕೇಳ್ತಿರೋದು. ನಮ್ಮದು ಹಳೆಯ ಕಲ್ಲು ಗಣಿಯ ಪಕ್ಕದ ಮುರಂ ಭೂಮಿ. ಅಂಟಿಗೆ ಎಂಟು ವರ್ಷ ಕಾಯಬೇಕು, ಅಷ್ಟು ದಿನ ಒಂದು ಪೈಸೆ ಇಲ್ಲ. ಬೇಲಿಗೆ ಶಹಾಬಾದ್ ಕಲ್ಲಿನ ಕಂಬ, ಕಂಬಕ್ಕೆ 180, ತಂತಿ ಬೇರೆ. ಹಂದಿ, ಚಿಗರಿ ಎರಡೂ ಕಾಟ. ಗೆದ್ದಲಿಗೆ ಪ್ರತಿ ವರ್ಷ ಔಷಧಿ. ಚಳಿಗಾಲದಲ್ಲಿ ಕಾಂಡಕ್ಕೆ ಕಚ್ಚು ಹಾಕಿದೆ. ಹಳದಿ ಬಣ್ಣದ ಅಂಟು ಹನಿ ಹನಿಯಾಗಿ ಬಂದು ಸಿಪ್ಪೆಗೆ ಗಟ್ಟಿಯಾಗುತ್ತೆ. ಕೆರೆದು ತೆಗೆದರೆ ಧೂಳು, ಸಿಪ್ಪೆ ಎಲ್ಲಾ ಕೂಡಿ ಬರುತ್ತೆ. ವ್ಯಾಪಾರಿ ಬೆರಳಲ್ಲಿ ಒತ್ತಿ, ಮೂಸಿ ನೋಡಿ, "ಕಸ ಜಾಸ್ತಿ" ಅಂತ ಕೆಜಿಗೆ 600 ಕೊಟ್ಟ. ಅದೇ ಅಂಗಡಿಯಲ್ಲಿ ಅದಕ್ಕಿಂತ ಹೊಲಸು ಮಾಲು 1,400ಕ್ಕೆ ಮಾರ್ತಿದ್ದ. ಹೊಟ್ಟೆ ಉರಿಯುತ್ತೆ.

ಈಗ ಕಚ್ಚಿಗೆ ಎಥಿಫಾನ್ ಅನ್ನೋ ರಾಸಾಯನಿಕ ಹಾಕೋಣ ಅಂತಿದ್ದೀನಿ. ಅಂಟು ಎಷ್ಟೋ ಪಟ್ಟು ಜಾಸ್ತಿ ಬರುತ್ತಂತೆ.

ಬೀದರಿನ ಅಕ್ಕ:
ಹಾಕಿ, ಹಾಕಿ. ಅಂಟಿನ ಜೊತೆ ಗಿಡವೂ ಹೋಗುತ್ತೆ. ಕಛ್‌ನಲ್ಲಿ, ರಾಜಸ್ಥಾನದಲ್ಲಿ ಆಗಿದ್ದು ಇದೇ ಅಲ್ವಾ? ಹೆಚ್ಚು ಅಂಟು ಬರಲಿ ಅಂತ ಕಚ್ಚಿಗೆ ಮೈಲುತುತ್ತು, ಪ್ರಾಣಿಗಳ ಉಚ್ಚೆ ಎಲ್ಲಾ ಹಚ್ಚಿ ಗಿಡ ಕೊಂದರು. ಅಳಿಯುತ್ತಿರೋ ಜೀವಿಗಳ ಲೆಕ್ಕ ಇಡೋ ಐಯುಸಿಎನ್ ಸಂಸ್ಥೆಯ ಕೆಂಪು ಪಟ್ಟಿಯಲ್ಲಿ ಗುಗ್ಗುಳ ಅತ್ಯಂತ ಅಪಾಯದ ಸಾಲಿಗೆ ಹೋಗಿ ಕೂತಿದೆ. ನಿಮ್ಮಂಥವರ ದೆಸೆಯಿಂದ.

ಸೇಡಂ ಗುಗ್ಗುಳ:
ನಾನು ಕಾಡಿನ ಗಿಡ ಮುಟ್ಟಿಲ್ಲ. ನಾನೇ ಹಚ್ಚಿದ್ದು, ನಾನೇ ನೀರು ಹಾಕಿದ್ದು. ನಿಮಗೆ ಪಗಾರ ಬರುತ್ತೆ, ಗಿಡ ನೋಡಿಕೊಂಡು ಖುಷಿಪಡ್ತೀರಿ. ನಾನು ಸೊಸೈಟಿ ಸಾಲ ಯಾವುದರಿಂದ ಕಟ್ಟಲಿ?

ಬೀದರಿನ ಅಕ್ಕ:
ಪಗಾರ ಯಾರು ಕೊಡ್ತಾರೆ ನನಗೆ? ಎಮ್ಮೆ ಹಾಲು ಮಾರಿ ಮಕ್ಕಳ ಫೀಸು ಕಟ್ಟುವವಳು ನಾನು. ತಿಳಿದು ಮಾತಾಡಿ.

ನಿವೃತ್ತ ಮಾಸ್ತರ:
ಇಬ್ಬರೂ ಸ್ವಲ್ಪ ತಾಳಿ. ಒಂದು ವಿಷಯ ಯಾರೂ ಹೇಳಲಿಲ್ಲ. ಒಂದೇ ಗಿಡದ ಟೊಂಗೆ ಕಡಿದು ಹೊಲ ತುಂಬಿಸಿದರೆ ಅದು ಸಂರಕ್ಷಣೆ ಅಲ್ಲ, ಒಂದೇ ಗಿಡದ ನಕಲು. ಗುಗ್ಗುಳದಲ್ಲಿ ಗಂಡು ಗಿಡ ಬಹಳ ಅಪರೂಪ. ಹೆಣ್ಣು ಗಿಡ ಪರಾಗ ಇಲ್ಲದೆಯೂ ಬೀಜ ಕಟ್ಟುತ್ತೆ, ಆ ಬೀಜವೂ ತಾಯಿಯ ನಕಲೇ. ಬೇರೆ ಬೇರೆ ಕಡೆಯ ತಾಯಿ ಗಿಡ ಹುಡುಕಿ, ಚೀಟಿ ಬರೆದು ಹಚ್ಚಿ. ನಾನು ಹಿತ್ತಲಲ್ಲಿ ಹಾಗೇ ಮಾಡಿದ್ದೇನೆ. ಹಳೆಯ ಹೆಂಚಿನ ಚೂರಿನ ಮೇಲೆ ಬಣ್ಣದಿಂದ ಬರೆದು ಬುಡಕ್ಕೆ ಇಟ್ಟಿದ್ದೇನೆ. ಮೊಮ್ಮಕ್ಕಳು ಅದರಲ್ಲಿ ಕುಂಟಾಬಿಲ್ಲೆ ಆಡಿ ಅರ್ಧ ಅದಲುಬದಲು ಮಾಡಿದ್ದಾರೆ, ಅದು ಬೇರೆ ಮಾತು.

ಇನ್ನೊಂದು. ನಮ್ಮ ಮನೆಯಲ್ಲಿ ವೀರಭದ್ರನ ಸೇವೆಗೆ ಗುಗ್ಗಳ, ಅಂದರೆ ಬೆಂಕಿಯ ಕೊಡ, ಹೊರುವಾಗ ಅದರಲ್ಲಿ ಹಾಕೋದು ನಿಜವಾದ ಗುಗ್ಗುಳ.

ಸೇಡಂ ಗುಗ್ಗುಳ:
ಮಾಸ್ತರ, ಕ್ಷಮಿಸಿ. ಈಗ ಪೂಜಾ ಸಾಮಾನಿನ ಅಂಗಡಿಯಲ್ಲಿ ಗುಗ್ಗುಳ ಅಂತ ಕೊಡೋದರಲ್ಲಿ ಎಷ್ಟೋ ಪಾಲು ಸಾಲೈ ಮರದ ಅಂಟು. ಅದು ಬೇರೆ ಮರವೇ. ಕೆಂಡದ ಮೇಲೆ ಎರಡೂ ಹೊಗೆಯಾಡುತ್ತವೆ, ಯಾರಿಗೆ ಗೊತ್ತಾಗುತ್ತೆ?

ನಿವೃತ್ತ ಮಾಸ್ತರ:
ನಮ್ಮ ಮನೆಯ ಗುಗ್ಗಳಕ್ಕೆ ಸಾಲೈ ಹಾಕಿದ್ದಾರೆ ಅಂತೀರಾ? ಗುಗ್ಗಳದ ಸೇವೆ ನಡೆಸೋ ಪುರವಂತರನ್ನೇ ಕರೆದು ಕೇಳಿಸ್ತೀನಿ ಬನ್ನಿ.

ಶಹಾಪುರದವನು:
ಹೊಗೆ ಬಿಡಿ. ಸಬ್ಸಿಡಿ ಕಥೆ ಕೇಳಿ. ನಾನು ಅರ್ಜಿ ಹಾಕಿದಾಗ ಗುಗ್ಗುಳಕ್ಕೆ 75 ಪರ್ಸೆಂಟ್ ಅಂದರು. ಅದು ನೀವು ಖರ್ಚು ಮಾಡಿದ್ದರ 75 ಅಲ್ಲ, ಅವರು ಹಾಕಿಟ್ಟ ಲೆಕ್ಕದ 75. ಡ್ರಿಪ್ ಇಲ್ಲ, ಬೇಲಿ ಇಲ್ಲ, ಗಾಡಿ ಬಾಡಿಗೆ ಇಲ್ಲ. ಪಹಣಿ ತಂದುಕೊಡಿ, ಗಿಡದ ಮುಂದೆ ನಿಂತು ಫೋಟೋ ತೆಗೆಸಿ ಅಂದರು. ಸಾಹೇಬರು ನೋಡೋಕೆ ಬಂದಿದ್ದು ಮಾರ್ಚಿನಲ್ಲಿ. ಬದುವಿನ ಮೇಲೆ ಬದುಕಿದ್ದ ಗಿಡಕ್ಕೂ ಎಲೆ ಇಲ್ಲ. "ಎಲ್ಲಾ ಸತ್ತಿವೆ" ಅಂತ ಬರೆದುಕೊಂಡು ಹೋದರು. ಅಕ್ಕ ಹೇಳಿದಂತೆ ಉಗುರಲ್ಲಿ ಕೆರೆದು ತೋರಿಸಿದೆ. ಫಾರ್ಮಿನಲ್ಲಿ ಆ ಕಾಲಂ ಇಲ್ಲವಂತೆ.

ಬೀದರಿನ ಅಕ್ಕ:
ಬದುವಿನವು ಈಗಲೂ ಇವೆಯಾ ಅಣ್ಣಾ? ಯಾವ ಕಡೆಯ ತಾಯಿ ಗಿಡ? ಮಾಸ್ತರ ಹೇಳಿದ್ದು ಖರೆ, ನನ್ನವೆಲ್ಲಾ ಒಂದೇ ಗಿಡದವು. ಮಳೆಗಾಲದ ಮೊದಲು ನಾಲ್ಕು ತುಂಡು ಕೊಡಿ, ನನ್ನವೂ ತಂದುಕೊಡ್ತೀನಿ.

ಶಹಾಪುರದವನು:
ಕೊಡ್ತೀನಿ. ಆದರೆ ಅವು ಕಚ್ಚು ಹಾಕೋರ ಕೈಗೆ ಹೋಗಬಾರದು.

ಸೇಡಂ ಗುಗ್ಗುಳ:
ನನಗ್ಯಾರೂ ಕೊಡೋದು ಬೇಡ. ನನ್ನ ಹತ್ತಿರ ಕಂಬ ಉಳಿದಿವೆ, ಬೇಲಿ ಹಾಕೋರು ಕೇಳಿ. ಕಂಬಕ್ಕೆ 150, ಸಾಗಾಟ ನಿಮ್ಮದು.

ಬೀದರಿನ ಅಕ್ಕ:
ಗಿಡದ ಮಾತಾಡೋ ಕಡೆ ಕಲ್ಲು ಮಾರ್ತೀರಲ್ಲ, ನಾಚಿಕೆ ಬೇಡವಾ?

ಶಹಾಪುರದವನು:
ಅಕ್ಕಾ, ಒಂದು ನಿಮಿಷ. 150ಕ್ಕೆ ಏಳು ಅಡಿಯದಾ, ಐದು ಅಡಿಯದಾ?