‘ವಿಸಾರಣೈ’: ಉತ್ತರಾರ್ಧ ಬೇಕಿತ್ತೇ?

ಪ್ರಶ್ನೆ: ವೆಟ್ರಿಮಾರನ್ ಅವರ ಈ ತಮಿಳು ಚಿತ್ರವನ್ನು (2015) ನಿನ್ನೆ ನೋಡಿದೆ. ಗುಂಟೂರಿನ ಠಾಣೆಯಲ್ಲಿ, ಮಾಡದ ಕಳವನ್ನು ಒಪ್ಪಿಕೊಳ್ಳುವಂತೆ ತಮಿಳು ಕೂಲಿಕಾರರನ್ನು ಬಡಿಯುವ ದೃಶ್ಯಗಳಿಗೆ ನಡುಗಿಹೋದೆ. ಆದರೆ ಆಮೇಲಿನ ಆಡಿಟರ್ ಪ್ರಕರಣ ಬೇರೆಯೇ ಚಿತ್ರದಂತಿದೆ. ನಿಮಗೂ ಹಾಗನ್ನಿಸಿತೇ?

ಉತ್ತರ 1: ಖಂಡಿತ ಇಲ್ಲ. ಮೊದಲರ್ಧದಲ್ಲಿ ಲಾಠಿ ಮಾತ್ರ ಕಾಣುತ್ತದೆ, ಅದರ ಹಿಂದಿನ ಹಣ ಕಾಣುವುದು ಇಲ್ಲಿಯೇ. ನಮ್ಮ ಕಿಶೋರ್ ಆಡಿಟರ್ ಆಗಿ ಎಷ್ಟು ಚೆನ್ನಾಗಿ ನಟಿಸಿದ್ದಾರೆ! ಠಾಣೆಯಲ್ಲೇ ಸತ್ತ ಆ ಆಡಿಟರ್‌ನ ಸಾವನ್ನು ಆತ್ಮಹತ್ಯೆ ಎಂದು ತೋರಿಸಲು ಪೊಲೀಸರು ಹೊರಡುತ್ತಾರೆ. ಠಾಣೆಯ ಕಸ ಗುಡಿಸಲೆಂದು ಉಳಿದುಕೊಂಡಿದ್ದ ಆ ಬಡ ಹುಡುಗರ ಕಿವಿಗೆ ಅದು ಬಿದ್ದದ್ದೇ ಅಪರಾಧವಾಗುತ್ತದೆ.

ಉತ್ತರ 2: ಮೊದಲ ಭಾಗಕ್ಕೆ ಆಧಾರ, ಕೊಯಮತ್ತೂರಿನ ಆಟೊ ಚಾಲಕ ಎಂ. ಚಂದ್ರಕುಮಾರ್ ತಾವೇ ಅನುಭವಿಸಿದ್ದನ್ನು ಬರೆದ ‘ಲಾಕಪ್’. ದಯವಿಟ್ಟು ಅದನ್ನೂ ಓದಿ.