ಸಹಾಯ ಬೇಕು: ದೆವ್ವವೂ ಇರಬೇಕು, ಪ್ರೀತಿಯೂ ಇರಬೇಕು

ಎಲ್ಲರಿಗೂ ನಮಸ್ಕಾರ. ಎಮಿಲಿ ಬ್ರಾಂಟೆಯ 1847ರ ‘ವುದರಿಂಗ್ ಹೈಟ್ಸ್’ ಕಾದಂಬರಿ ಈಗಷ್ಟೇ ಓದಿ ಮುಗಿಸಿದೆ. ಅದರಲ್ಲಿ ಹಿಮ ಸುರಿಯುವ ರಾತ್ರಿ ಒಬ್ಬ ಕಿಟಕಿ ಗಾಜು ಒಡೆದು ಕೈ ಹೊರಗೆ ಹಾಕಿದರೆ, ತಣ್ಣಗಿನ ಪುಟ್ಟ ಕೈಯೊಂದು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಒಳಗೆ ಬಿಡು ಅಂತ ಅಳುತ್ತದೆ. ಕನಸೋ ದೆವ್ವವೋ, ಖಚಿತವಾಗಿ ಹೇಳುವುದೇ ಇಲ್ಲ. ನನಗೆ ಹಿಡಿಸಿದ್ದೇ ಅದು. ರಕ್ತ ಹೀರುವ ಪಿಶಾಚಿಯ ಕಥೆಯಾದ 1897ರ ‘ಡ್ರಾಕುಲಾ’ ಕೂಡ ಓದಿದ್ದೇನೆ. ಡೈರಿ, ಪತ್ರಗಳಲ್ಲೇ ಕಥೆ ಸಾಗುವುದು ಚೆನ್ನ, ಆದರೆ ಪ್ರೀತಿ ಕಡಿಮೆ, ಬೇಟೆ ಜಾಸ್ತಿ ಅಲ್ವಾ?

ಇಂಥದ್ದು ಕನ್ನಡದಲ್ಲಿ ಯಾವುದಿದೆ? ಅನುವಾದವಾದರೂ ಸರಿ. ಮಾಟ, ನಿಂಬೆಹಣ್ಣು, ಸುಮ್ನೆ ರಕ್ತ ಹರಿಸುವುದು ಬೇಡ. ಸತ್ತವರನ್ನು ಬಿಡಲಾರದ ಪ್ರೀತಿಯೇ ಹೆದರಿಸಬೇಕು. ಹಳೇ ಪುಸ್ತಕವಾದರೆ ಎಲ್ಲಿ ಸಿಗುತ್ತದೆ ಅಂತಲೂ ತಿಳಿಸಿ. ಕಥೆಯ ಕೊನೆ ಮಾತ್ರ ಹೇಳಿಬಿಡಬೇಡಿ, ಪ್ಲೀಸ್!