ಸಹಾಯ ಬೇಕು: ಎಲೆಯೇ ಇಲ್ಲದ ಈ ಹಳದಿ ಹೂವಿನ ಮರ ಯಾವುದು?

ಕಮಲಾಪುರದಿಂದ ದರೋಜಿ ಕರಡಿಧಾಮದ ಕಡೆ ಹೋಗುವಾಗ, ಮಾರ್ಚ್ ಬಿಸಿಲಲ್ಲಿ, ಬಂಡೆಗಳ ನಡುವೆ ಈ ಮರ ಕಂಡಿತು. ಒಂದೂ ಎಲೆಯಿಲ್ಲ. ಕೊಂಬೆ ತುದಿಯಲ್ಲಿ ದೊಡ್ಡ ಹಳದಿ ಹೂ, ಬಿಡಿಬಿಡಿಯಾಗಿ ಐದು ಎಸಳು, ನಡುವೆ ತುಂಬಾ ಕೇಸರ. ಅಷ್ಟು ಚೆಂದದ ಮರ ನಾನು ಆ ಕಡೆ ನೋಡೇ ಇರಲಿಲ್ಲ.

ಮೊಬೈಲ್ ಆ್ಯಪ್ ಟಬೂಬಿಯಾ ಅನ್ನುತ್ತಿದೆ. ಅದರ ಹೂ ಕೊಳವೆಯಂತಿರುತ್ತದೆ, ಇದು ಅದಲ್ಲ. ಕುರಿ ಮೇಯಿಸುತ್ತಿದ್ದ ಅಜ್ಜ ಬೂರುಗ ಅಂದರು. ಬೂರುಗ ಅಪರೂಪಕ್ಕೆ ಹಳದಿ ಹೂ ಬಿಡುತ್ತದೆ, ನಿಜ. ಆದರೆ ಇದರ ಕಾಂಡದಲ್ಲಿ ಮುಳ್ಳಿಲ್ಲ. ಹಳೇ ಬೂರುಗದ ಮುಳ್ಳೂ ಉದುರುತ್ತದೆ ಅಲ್ವಾ? ಅರಿಶಿನ ಬೂರುಗ (ಹೆಸರಲ್ಲಿ ಬೂರುಗ ಇದ್ದರೂ ಅದು ಬೇರೆಯೇ ಮರ) ಇರಬಹುದು ಅಂತ ನನ್ನ ಅನುಮಾನ. ಎಲೆ ನೋಡಬೇಕೆಂದರೆ ಮಳೆಗಾಲದವರೆಗೆ ಕಾಯಬೇಕು.

ಬರೀ ಹೂ, ತೊಗಟೆ ನೋಡಿ ಹಳದಿ ಹೂವಿನ ಬೂರುಗ ಯಾವುದು, ಅರಿಶಿನ ಬೂರುಗ ಯಾವುದು ಅಂತ ಗುರುತಿಸುವುದು ಹೇಗೆ?